ಹಾನಗಲ್ಲದ ಮಡಿಗೆ ಯಾವ ಭತ್ತ? ಸರಾಸರಿ ಇಳುವರಿ ಹೇಳದ ಲೆಕ್ಕ

2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಎರಡು ಹೊಸ ಭತ್ತದ ತಳಿಗಳನ್ನು ಪ್ರಕಟಿಸಿದರು. ಎರಡೂ ಜೀನೋಮ್ ಎಡಿಟಿಂಗ್‌ನಿಂದ ಬಂದವು. ಇಲ್ಲಿ ಹೊರಗಿನ ಜೀನ್ ಸೇರಿಸಿಲ್ಲ, ಭತ್ತದ ಸ್ವಂತ ಜೀನ್ ಒಂದನ್ನು ಗುರಿಯಿಟ್ಟು ತಿದ್ದಿದ್ದಾರೆ. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ‘ಕಮಲಾ’ (ಡಿಆರ್‌ಆರ್ ಧಾನ್ 100) ನಮ್ಮವರಿಗೆ ಚಿರಪರಿಚಿತವಾದ ಬಿಪಿಟಿ 5204ರ, ಸಾಂಬಾ ಮಸೂರಿಯ, ತಿದ್ದಿದ ರೂಪ. ದೆಹಲಿಯ ಪೂಸಾ ಸಂಸ್ಥೆಯ ‘ಪೂಸಾ ಡಿಎಸ್‌ಟಿ ರೈಸ್ 1’ ಎಂಟಿಯು 1010ರಿಂದ ಬಂದದ್ದು. ಕಮಲಾ ಮೂಲ ತಳಿಗಿಂತ ಶೇ. 19ರಷ್ಟು ಹೆಚ್ಚು ಇಳುವರಿ ಕೊಡುತ್ತದೆ, ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎಂಬುದು ಅಧಿಕೃತ ಹೇಳಿಕೆ. ಶಿಫಾರಸು ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ.

ಸುದ್ದಿಯಾದದ್ದು ಆ 19. ಆದರೆ ಹಾನಗಲ್ಲ, ಶಿಗ್ಗಾಂವಿ, ಕಲಘಟಗಿಯ ಭತ್ತದವರು ಮೊದಲು ನೋಡಬೇಕಾದದ್ದು ಆ 20 ದಿನವನ್ನು. ಏಕೆಂದರೆ ಇಳುವರಿ ಎಂಬುದು ತಳಿಯೊಂದರ ಸ್ವಂತ ಆಸ್ತಿಯಾಗಿ ಬೀಜದ ಚೀಲದಲ್ಲಿ ಬರುವುದಿಲ್ಲ. ತಳಿ, ಮಣ್ಣು, ನೀರು, ಬಿತ್ತನೆಯ ರೀತಿ, ಹೂ ಬಿಡುವ ವಾರದ ಮಳೆ ಇವೆಲ್ಲ ಕೂಡಿದ ಮೇಲೆ ಹುಟ್ಟುವ ಲೆಕ್ಕ ಅದು. ಒಂದು ಕಡೆ ಗೆದ್ದ ತಳಿ ಇನ್ನೊಂದು ಕಡೆ ಬರೀ ಕಡಿಮೆ ಇಳುವರಿ ಕೊಟ್ಟು ಸುಮ್ಮನಾಗುವುದಿಲ್ಲ, ಅಲ್ಲಿಯ ಹಳೆಯ ತಳಿಗಿಂತಲೂ ಹಿಂದೆ ಬೀಳಬಹುದು. ಧಾರವಾಡ, ಹಾವೇರಿ, ಗದಗ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಪ್ರತಿ ಹಂಗಾಮಿನ ಅನುಭವ.

ಒಂದೇ ಸೀಮೆ, ನಾಲ್ಕು ಬಗೆಯ ಭತ್ತ

ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಕಲಘಟಗಿ ಮತ್ತು ಹಾನಗಲ್ಲ ತಾಲೂಕುಗಳು ಗುಡ್ಡಗಾಡು ವಲಯಕ್ಕೆ ಸೇರುತ್ತವೆ. ಧಾರವಾಡ, ಹುಬ್ಬಳ್ಳಿ, ಶಿಗ್ಗಾಂವಿ, ಹಾವೇರಿ ಉತ್ತರದ ಅರೆಮಲೆನಾಡಿಗೆ, ಗದಗ, ಮುಂಡರಗಿ ಉತ್ತರದ ಒಣ ವಲಯಕ್ಕೆ. ಹಾನಗಲ್ಲದಿಂದ ಮುಂಡರಗಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಷ್ಟರೊಳಗೆ ಭತ್ತದ ನಾಲ್ಕು ಬೇರೆ ಬೇರೆ ಲೋಕಗಳಿವೆ.

ಪಶ್ಚಿಮದಲ್ಲಿ, ಧಾರವಾಡ ತಾಲೂಕಿನ ಮುಗದ, ಅಳ್ನಾವರದಿಂದ ಕಲಘಟಗಿ ಹಾಯ್ದು ಹಾನಗಲ್ಲದವರೆಗೆ, ಕೂರಿಗೆ ಭತ್ತ. ಮಳೆಗೆ ಮುಂಚೆ ಇಲ್ಲವೇ ಮೊದಲ ಹದಕ್ಕೆ ಒಣ ನೆಲದಲ್ಲಿ ಬಿತ್ತುತ್ತಾರೆ. ಅದೇ ಹಾನಗಲ್ಲ, ಶಿಗ್ಗಾಂವಿಯ ಕೆರೆ ಕೆಳಗಿನ ಮಡಿಗಳಲ್ಲಿ ಕೆಸರು ಹೊಡೆದು ನಾಟಿ ಮಾಡುವ ಭತ್ತ. ರಾಣೆಬೆನ್ನೂರು, ಹಾವೇರಿ, ಮುಂಡರಗಿಯ ತುಂಗಭದ್ರೆಯ ದಂಡೆಯಲ್ಲಿ ನದಿಯ ಪಂಪು, ತುಂಗಾ ಮೇಲ್ದಂಡೆ ಕಾಲುವೆ, ಹಮ್ಮಿಗಿ ಬಳಿಯ ಸಿಂಗಟಾಲೂರು ಏತ ನೀರಾವರಿ ನಂಬಿದ ಭತ್ತ. ನಾಲ್ಕನೆಯದು ಅಲ್ಲಲ್ಲಿ ಬೋರ್‌ವೆಲ್ ಕೆಳಗೆ, ನದಿ ದಂಡೆಯಲ್ಲಿ ಬೆಳೆಯುವ ಬೇಸಿಗೆ ಭತ್ತ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸೆಂಬರ್, ಜನವರಿಯ ಚಳಿಗೆ ಸಸಿಮಡಿ ಏಳುವುದು ನಿಧಾನ, ತಡವಾಗಿ ನಾಟಿ ಮಾಡಿದರೆ ಹೂವು ಏಪ್ರಿಲ್ ಬಿಸಿಲಿಗೆ ಸಿಗುತ್ತದೆ. ಹೂ ಅರಳುವ ಹೊತ್ತಿಗೆ ಉಷ್ಣಾಂಶ 35 ಡಿಗ್ರಿ ದಾಟಿದರೆ ಪರಾಗ ಸತ್ತು ಜೊಳ್ಳು ಹೆಚ್ಚುತ್ತದೆ. 120 ದಿನದೊಳಗಿನ ತಳಿ ಬಿಟ್ಟರೆ ಅಲ್ಲಿ ಬೇರೆ ದಾರಿಯಿಲ್ಲ.

ಈ ನಾಲ್ಕರಲ್ಲಿ ತಳಿ ಸಂಶೋಧನೆಯ ಲಾಭ ಹೆಚ್ಚು ಉಂಡದ್ದು ನೀರಾವರಿ ನಾಟಿ ಭತ್ತ, ಕಡಿಮೆ ಉಂಡದ್ದು ಕೂರಿಗೆ ಭತ್ತ. ಅದಕ್ಕೆ ಕಾರಣ ತಿಳಿಯಲು ಕೂರಿಗೆ ಭತ್ತದ ಬಾಳು ಹೇಗಿದೆ ಎಂದು ನೋಡಬೇಕು.

ಅರ್ಧ ಹೊಲ, ಅರ್ಧ ಗದ್ದೆ

ಕೂರಿಗೆ ಭತ್ತದ ಮೊದಲ 40 ದಿನ ಜೋಳದ ಹೊಲದಂತೆ ಕಳೆಯುತ್ತವೆ. ರೋಹಿಣಿ, ಮೃಗಶಿರಾ ಮಳೆಗೆ ಬಿತ್ತನೆ, ಎಕರೆಗೆ ಸುಮಾರು 30 ಕೆಜಿ ಬೀಜ, ಸಾಲಿನಿಂದ ಸಾಲಿಗೆ ಗೇಣಿಗಿಂತ ತುಸು ಕಡಿಮೆ, 20 ಸೆಂ.ಮೀ. ಅಂತರ. ಎಡೆಕುಂಟೆ ಹೊಡೆಯುತ್ತಾರೆ, ಕಸ ತೆಗೆಯುತ್ತಾರೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಬದುವಿನೊಳಗೆ ನೀರು ನಿಲ್ಲುತ್ತದೆ, ಹೊಲ ಗದ್ದೆಯಾಗುತ್ತದೆ. ಸೆಪ್ಟೆಂಬರ್ ಕೊನೆಗೆ ನೀರು ಇಂಗಿ ಮತ್ತೆ ಹೊಲ. ಒಂದೇ ಬೆಳೆ ಒಂದೇ ಹಂಗಾಮಿನಲ್ಲಿ ಮೂರು ಬಗೆಯ ನೆಲದಲ್ಲಿ ಬಾಳುತ್ತದೆ. ಪ್ರತಿ ತಿರುವಿನಲ್ಲೂ ತಳಿಗೆ ಬೇರೆ ಬೇರೆ ಗುಣ ಬೇಕು.

ಮೊದಲನೆಯದು ನೆಲ ಸೀಳಿ ಮೇಲೆ ಬರುವ ಶಕ್ತಿ. ಕೂರಿಗೆಯ ತಾಳು ಬೀಜವನ್ನು 3ರಿಂದ 5 ಸೆಂ.ಮೀ. ಆಳಕ್ಕೆ ಇಳಿಸುತ್ತದೆ. ಟ್ರ್ಯಾಕ್ಟರ್ ಕೂರಿಗೆಯ ಆಳ ಸರಿಹೊಂದಿಸದಿದ್ದರೆ 7 ಸೆಂ.ಮೀ.ಗೂ ಹೋಗುತ್ತದೆ. ಹಸಿರು ಕ್ರಾಂತಿಯ ಗಿಡ್ಡ ತಳಿಗಳ ಗಿಡ್ಡತನಕ್ಕೆ ಮೂಲ ತೈವಾನಿನ ಡೀ-ಜಿಯೋ-ವೂ-ಜೆನ್ ಎಂಬ ತಳಿಯ ಎಸ್‌ಡಿ1 ಜೀನ್. 1966ರ ಐಆರ್ 8ರಿಂದ ಹಿಡಿದು ಬಿಪಿಟಿ, ಐಆರ್ 64ರ ತನಕ ಇದರದ್ದೇ ವಂಶ. ಇವು ಗೊಬ್ಬರ ಉಂಡರೂ ಬೀಳುವುದಿಲ್ಲ, ಅದು ದೊಡ್ಡ ಲಾಭ. ಆದರೆ ಗಿಡವನ್ನು ಗಿಡ್ಡ ಮಾಡುವ ಈ ಗುಣದ ಜೊತೆಗೆ, ಮೊಳಕೆಯನ್ನು ನೆಲದೊಳಗಿಂದ ಮೇಲೆ ದೂಡುವ ಭಾಗವೂ ಸಾಮಾನ್ಯವಾಗಿ ಮೋಟಾಗಿರುತ್ತದೆ. ಸಸಿಮಡಿಯಲ್ಲಿ ಬೀಜ ಮೇಲ್ಮೈಯಲ್ಲೇ ಇರುವುದರಿಂದ ಈ ಕೊರತೆ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕೂರಿಗೆ ಸಾಲಿನಲ್ಲಿ ಅದು ಅರ್ಧಂಬರ್ಧ ಹುಟ್ಟುವಿಕೆಯಾಗಿ ಕಾಣುತ್ತದೆ. ರೈತ ಬೀಜವೇ ಸರಿಯಿಲ್ಲ ಎನ್ನುತ್ತಾನೆ, ಅಂಗಡಿಯವನು ಮೊಳಕೆ ಪ್ರಮಾಣ ಶೇ. 80ರ ಮೇಲಿದೆ ಎಂದು ಚೀಟಿ ತೋರಿಸುತ್ತಾನೆ. ಇಬ್ಬರ ಮಾತೂ ನಿಜವೇ. ಚೀಟಿಯ ಪರೀಕ್ಷೆ ನಡೆಯುವುದು ಒದ್ದೆ ಕಾಗದದ ಮೇಲೆ, ಐದು ಸೆಂ.ಮೀ. ಮಣ್ಣಿನ ಕೆಳಗಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಹಳೆಯ ಪುಟ್ಟಿ ಇಲ್ಲವೇ ಟ್ರೇಯಲ್ಲಿ ಅದೇ ಹೊಲದ ಮಣ್ಣು ತುಂಬಿ, ಒಂದರಲ್ಲಿ 100 ಬೀಜ 2 ಸೆಂ.ಮೀ. ಆಳಕ್ಕೆ, ಇನ್ನೊಂದರಲ್ಲಿ 100 ಬೀಜ 5 ಸೆಂ.ಮೀ. ಆಳಕ್ಕೆ ಊರಬೇಕು. ಹನ್ನೆರಡನೆಯ ದಿನ ಎಣಿಸಬೇಕು. 2 ಸೆಂ.ಮೀ.ಯಲ್ಲಿ 85 ಹುಟ್ಟಿ 5 ಸೆಂ.ಮೀ.ಯಲ್ಲಿ 50ಕ್ಕೆ ಇಳಿದರೆ ಆ ತಳಿ ನಾಟಿಯ ತಳಿ. ಕೂರಿಗೆಗೆ ಹಾಕಲೇಬೇಕೆಂದಿದ್ದರೆ ಆಳವನ್ನು 3 ಸೆಂ.ಮೀ.ಗೆ ಕಟ್ಟಬೇಕು. ಆದರೆ ಅಷ್ಟು ಮೇಲೆ ಬಿತ್ತಿದ ಬೀಜ ಮಳೆ ಎಂಟು ದಿನ ಕೈಕೊಟ್ಟರೆ ಮೊಳೆತು ಒಣಗುತ್ತದೆ. ಹಳೆಯ ಅಂತರಸಾಲಿ, ದೊಡಿಗ್ಯಾದಂಥ ಎತ್ತರದ ಭತ್ತಗಳು ಇಷ್ಟು ವರ್ಷ ಉಳಿದುಬಂದದ್ದರಲ್ಲಿ ಈ ಹುಟ್ಟುವ ಶಕ್ತಿಯ ಪಾಲು ದೊಡ್ಡದು.

ಎರಡನೆಯದು ಕಸದ ಜೊತೆ ಪೈಪೋಟಿ. ನಾಟಿ ಗದ್ದೆಯಲ್ಲಿ 25 ದಿನದ ಸಸಿ ಆಗಷ್ಟೇ ಹುಟ್ಟುವ ಕಳೆಗಿಂತ 25 ದಿನ ದೊಡ್ಡದು, ಜೊತೆಗೆ ನಿಂತ ನೀರು ಕಳೆಯನ್ನು ಅದುಮುತ್ತದೆ. ಕೂರಿಗೆಯಲ್ಲಿ ಭತ್ತ ಮತ್ತು ಕಳೆ ಒಂದೇ ದಿನ ಹುಟ್ಟುತ್ತವೆ. ಮೊದಲ ಮೂರು ವಾರದಲ್ಲಿ ಎಲೆ ಬೇಗ ಬಿಚ್ಚಿ ಸಾಲಿನ ನಡುವಿನ ನೆಲಕ್ಕೆ ನೆರಳು ಕೊಡದ ತಳಿ ಸೋಲುತ್ತದೆ. ಬಿತ್ತಿದ ಎರಡು ಮೂರು ದಿನದೊಳಗೆ ಪೆಂಡಿಮೆಥಾಲಿನ್ 30 ಇಸಿ ಎಂಬ ಕಳೆನಾಶಕ ಎಕರೆಗೆ 1.3 ಲೀಟರ್ ಸಿಂಪಡಿಸಬಹುದು. ಮೇಲ್ಮಣ್ಣಿನಲ್ಲಿ ಹಸಿ ಇಲ್ಲದಿದ್ದರೆ ಆ ದುಡ್ಡು ಹೋದಂತೆಯೇ. 15ರಿಂದ 20 ದಿನಕ್ಕೆ, ಕಳೆಗೆ ಮೂರು ನಾಲ್ಕು ಎಲೆ ಇರುವಾಗ, ಬಿಸ್‌ಪೈರಿಬ್ಯಾಕ್ ಸೋಡಿಯಂ 10 ಎಸ್‌ಸಿ ಎಕರೆಗೆ 100 ಮಿ.ಲೀ. ಕೆಲಸ ಮಾಡುತ್ತದೆ. ಎರಡೂ ಔಷಧಿ ಕಾಡು ಭತ್ತಕ್ಕೆ ನಾಟುವುದಿಲ್ಲ. ಅದು ಭತ್ತದ ಜಾತಿಯೇ ಆದ್ದರಿಂದ ತೆನೆ ಬರುವ ತನಕ ಗುರುತೂ ಸಿಗುವುದಿಲ್ಲ.

ಮೂರನೆಯದನ್ನು ತಳಿ ಪಟ್ಟಿಗಳು ಹೇಳುವುದೇ ಇಲ್ಲ: ಗೊಬ್ಬರದ ರಸಾಯನ. ಒಣ ನೆಲದಲ್ಲಿ ಹಾಕಿದ ಯೂರಿಯಾ ಕೆಲವೇ ದಿನದಲ್ಲಿ ನೈಟ್ರೇಟ್ ಆಗುತ್ತದೆ. ಜುಲೈನಲ್ಲಿ ನೀರು ನಿಂತ ಕೂಡಲೇ ಆಮ್ಲಜನಕ ಸಿಗದ ಸೂಕ್ಷ್ಮಜೀವಿಗಳು ಆ ನೈಟ್ರೇಟನ್ನೇ ಒಡೆದು ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಹಾಗಾಗಿ ಬಿತ್ತುವಾಗ ಹೆಚ್ಚು ಯೂರಿಯಾ ಕೊಟ್ಟರೆ ಮೊದಲು ಕಳೆ ಉಣ್ಣುತ್ತದೆ, ಉಳಿದದ್ದನ್ನು ಗಾಳಿ ಒಯ್ಯುತ್ತದೆ. ರಂಜಕ, ಪೊಟ್ಯಾಷ್ ಬಿತ್ತುವಾಗ ಕೊಟ್ಟು, ಸಾರಜನಕದ ಬಹುಪಾಲನ್ನು ಕಸ ತೆಗೆದ ಮೇಲೆ 25-30 ದಿನಕ್ಕೆ ಒಮ್ಮೆ, ತೆನೆ ಒಳಗೆ ಮೂಡುವ ಹಂತದಲ್ಲಿ ಇನ್ನೊಮ್ಮೆ ಕೊಡುವುದೇ ಲೇಸು. ಕಬ್ಬಿಣದ್ದು ಇದಕ್ಕೆ ತಿರುಗುಮುರುಗು. ಒಣ ನೆಲದಲ್ಲಿ ಅದು ಬೇರಿಗೆ ಸಿಗದ ರೂಪದಲ್ಲಿರುತ್ತದೆ, ಆಗ ಎಳೆಯ ಎಲೆ ಬೆಳ್ಳಗೆ ಹಳದಿಯಾಗುತ್ತದೆ. ನೀರು ನಿಂತರೆ ತಾನೇ ಸರಿಹೋಗುತ್ತದೆ. ಮಳೆ ತಡವಾದರೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟಿಗೆ ತುಸು ನಿಂಬೆ ಹುಳಿ ಸೇರಿಸಿ ವಾರಕ್ಕೊಮ್ಮೆ ಎರಡು ಸಲ ಸಿಂಪಡಿಸಬೇಕು. ಹಳದಿ ಕಂಡ ಕೂಡಲೇ ಯೂರಿಯಾ ಚೆಲ್ಲುವುದು ಇಲ್ಲಿಯ ಸಾಮಾನ್ಯ ತಪ್ಪು. ಸಾರಜನಕದ ಕೊರತೆ ಕೆಳಗಿನ ಹಳೆಯ ಎಲೆಯಲ್ಲಿ ಶುರುವಾಗುತ್ತದೆ, ಕಬ್ಬಿಣದ್ದು ಮೇಲಿನ ಸುಳಿಯಲ್ಲಿ. ಎಲೆ ನೋಡಿದರೆ ಸಾಕು, ಗೊತ್ತಾಗುತ್ತದೆ.

ಸರಾಸರಿ ಎಲ್ಲಿ ದಾರಿ ತಪ್ಪಿಸುತ್ತದೆ

ಲೆಕ್ಕಕ್ಕಾಗಿ ಎರಡು ಕಾಲ್ಪನಿಕ ತಳಿ ತೆಗೆದುಕೊಳ್ಳೋಣ. ‘ಕ’ ತಳಿ ಕಾಲುವೆ ನಾಟಿಯಲ್ಲಿ ಎಕರೆಗೆ 26 ಕ್ವಿಂಟಲ್, ಕೆರೆ ಕೆಳಗಿನ ಮಡಿಯಲ್ಲಿ 18, ಮಳೆಯಾಶ್ರಿತ ಕೂರಿಗೆಯಲ್ಲಿ 9. ‘ಖ’ ತಳಿ ಕ್ರಮವಾಗಿ 21, 17, 13. ‘ಕ’ದ ಸರಾಸರಿ 17.7, ‘ಖ’ದ್ದು 17. ಸರಾಸರಿ ನೋಡಿ ಬಿಡುಗಡೆ ಮಾಡಿದರೆ ‘ಕ’ ಗೆಲ್ಲುತ್ತದೆ. ಕೂರಿಗೆಯವನು ಅದನ್ನು ನಂಬಿ ಬಿತ್ತಿದರೆ ಎಕರೆಗೆ 4 ಕ್ವಿಂಟಲ್ ಕಳೆದುಕೊಳ್ಳುತ್ತಾನೆ. 2025-26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಆ ದರದಲ್ಲಿ ನಷ್ಟ ಒಂಬತ್ತು ಸಾವಿರದ ಮೇಲೆ.

ತಳಿ ವಿಜ್ಞಾನಿಗಳಿಗೆ ಇದು ಹೊಸದಲ್ಲ. ಫಿನ್ಲೆ ಮತ್ತು ವಿಲ್ಕಿನ್ಸನ್ 1963ರಲ್ಲಿ, ಎಬರ್‌ಹಾರ್ಟ್ ಮತ್ತು ರಸೆಲ್ 1966ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಪ್ರತಿ ಜಾಗದ ಒಟ್ಟು ಸರಾಸರಿಯನ್ನು ಆ ಜಾಗದ ‘ಯೋಗ್ಯತೆ’ ಎಂದು ಹಿಡಿದು, ಜಾಗ ಒಂದು ಕ್ವಿಂಟಲ್ ಸುಧಾರಿಸಿದರೆ ತಳಿ ಎಷ್ಟು ಏರುತ್ತದೆ ಎಂದು ನೋಡುವುದು. ಮೇಲಿನ ಲೆಕ್ಕದಲ್ಲಿ ‘ಕ’ದ ಏರು 1.36, ‘ಖ’ದ್ದು 0.64. ಒಂದಕ್ಕಿಂತ ಹೆಚ್ಚಾದರೆ ಸೌಕರ್ಯ ಕೊಟ್ಟಷ್ಟೂ ಉಣ್ಣುವ ತಳಿ, ಕಡಿಮೆಯಾದರೆ ಕಷ್ಟದಲ್ಲಿ ಹಿಡಿದು ನಿಲ್ಲುವ ತಳಿ. ಈ ಅಂಕಿ ಸಂಶೋಧನಾ ವರದಿಗಳಲ್ಲಿ ಸಿಗುತ್ತದೆ, ಬೀಜದ ಚೀಲದ ಮೇಲೆ ಸಿಗುವುದಿಲ್ಲ. ಅಚ್ಚು ಹಾಕಿದರೆ ಒಂದು ಸಾಲು ಸಾಕಿತ್ತು.

ದೇಶದ ಭತ್ತ ಪರೀಕ್ಷೆಯ ಜಾಲ, ಅಖಿಲ ಭಾರತ ಸಮನ್ವಯ ಭತ್ತ ಯೋಜನೆ, 1965ರಿಂದ ಇದೆ. ಹೊಸ ತಳಿಗಳು ಮೊದಲು ಆರಂಭಿಕ ಪರೀಕ್ಷೆಯಲ್ಲಿ, ಬಳಿಕ ಎರಡು ಹಂತದ ಮುಂದುವರಿದ ಪರೀಕ್ಷೆಯಲ್ಲಿ, ರಾಷ್ಟ್ರೀಯ, ವಲಯ ಮತ್ತು ಸ್ಥಳೀಯ ಹೋಲಿಕೆ ತಳಿಗಳ ಜೊತೆ ಸೆಣಸುತ್ತವೆ. ಅವಧಿ, ನೀರಿನ ಪರಿಸ್ಥಿತಿ ನೋಡಿ ಪರೀಕ್ಷೆಗಳನ್ನು ವಿಂಗಡಿಸಿಯೂ ಇದ್ದಾರೆ. ವ್ಯವಸ್ಥೆ ಗಟ್ಟಿಯಾಗಿಯೇ ಇದೆ. ತೊಡಕು ತೂಕದಲ್ಲಿದೆ. ನೀರಾವರಿ ನಾಟಿಯ ಕೇಂದ್ರಗಳೇ ಹೆಚ್ಚು. ಅಲ್ಲಿ ಮಡಿಗಳು ಸಮತಟ್ಟು, ತಳಿಗಳ ನಡುವಿನ ವ್ಯತ್ಯಾಸ ಸ್ವಚ್ಛವಾಗಿ ಕಾಣುತ್ತದೆ. ಮಳೆಯಾಶ್ರಿತ ಹೊಲದಲ್ಲಿ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಇರುವ ವ್ಯತ್ಯಾಸವೇ ತಳಿಗಳ ನಡುವಿನದಕ್ಕಿಂತ ದೊಡ್ಡದಾಗುವುದುಂಟು. ಬರದ ವರ್ಷದ ಪರೀಕ್ಷೆಯನ್ನು ‘ಕೆಟ್ಟುಹೋಯಿತು’ ಎಂದು ಕೈಬಿಡುವುದೂ ಉಂಟು. ಕೂರಿಗೆ ರೈತನಿಗೆ ಬೇಕಾದ ಉತ್ತರ ಆ ಕೆಟ್ಟುಹೋದ ಮಡಿಯಲ್ಲೇ ಇರುತ್ತದೆ.

ದಾರಿ ಇಲ್ಲವೆಂದಲ್ಲ. ಒಳ್ಳೆಯ ನೆಲದಲ್ಲಿ ಆರಿಸಿ ಬರಕ್ಕೂ ಒಗ್ಗಲಿ ಎಂದು ಹಾರೈಸುವುದನ್ನು ಬಿಟ್ಟು, ಬೇಕೆಂದೇ ನೀರು ಕಡಿದ ಗದ್ದೆಯಲ್ಲಿ ಇಳುವರಿ ನೋಡಿ ಆರಿಸುವ ಕ್ರಮವನ್ನು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಮತ್ತು ಜಾರ್ಖಂಡದ ಹಜಾರಿಬಾಗ್ ಕೇಂದ್ರ ಹಿಡಿದವು. ಅದರಿಂದ 2010ರಲ್ಲಿ ಸಹಭಾಗಿ ಧಾನ್ ಬಂತು. ಐಆರ್ 64ಕ್ಕೆ ಬರ ತಡೆಯುವ ಎರಡು ಜೀನ್ ಭಾಗಗಳನ್ನು ಸೇರಿಸಿದ ಡಿಆರ್‌ಆರ್ ಧಾನ್ 42 ಬಂದದ್ದು 2014ರಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಏರೋಬಿಕ್ ಭತ್ತಕ್ಕೆಂದೇ, ಅಂದರೆ ನೀರು ನಿಲ್ಲಿಸದೆ ಬೆಳೆಯುವ ಭತ್ತಕ್ಕೆಂದೇ, ಎಂಎಎಸ್ 946-1 ತಂದಿತು. ನಮ್ಮಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮುಗದ ಕೇಂದ್ರ ಕೂರಿಗೆ ಭತ್ತದ ಸೀಮೆಯ ನಡುವೆಯೇ ಕೂತಿದೆ. ಮುಗದ ಸುಗಂಧ ಅಲ್ಲಿಯದೇ. ಆದರೆ ಕೂರಿಗೆ ಭತ್ತದ ನೆಲ ವರ್ಷ ವರ್ಷ ಗೋವಿನಜೋಳ, ಸೋಯಾ, ಕಬ್ಬು, ಅಡಿಕೆಗೆ ಹೋಗುತ್ತಿದೆ. ನೆಲ ಕಡಿಮೆಯಾದರೆ ಬೀಜದ ಬೇಡಿಕೆ ಕಡಿಮೆ, ಬೇಡಿಕೆ ಇಲ್ಲದ ತಳಿಯ ಬೀಜ ಯಾರೂ ಹೆಚ್ಚಿಸುವುದಿಲ್ಲ. ಬಳಿಕ ಅಂಗಡಿಯಲ್ಲಿ ಸಿಗುವುದು ಗಂಗಾವತಿ, ಸಿಂಧನೂರಿನ ಕಾಲುವೆಗೆ ಒಗ್ಗಿದ ಬೀಜ. ಅದು ಕೂರಿಗೆಯಲ್ಲಿ ಸೋತಾಗ ಭತ್ತವೇ ಲುಕ್ಸಾನಿನ ಬೆಳೆ ಎಂಬ ಮಾತು ಗಟ್ಟಿಯಾಗುತ್ತದೆ.

ಹೂ ಯಾವ ಮಳೆಗೆ?

ಈಗ ಕಮಲಾದ 20 ದಿನಕ್ಕೆ ಬರೋಣ. ಭತ್ತದ ಒಟ್ಟು ಅವಧಿ ಎಷ್ಟೇ ಇರಲಿ, ಹೂವಿನಿಂದ ಕೊಯ್ಲಿಗೆ ಸುಮಾರು 30 ದಿನ, ತೆನೆ ಒಳಗೆ ಮೂಡುವುದರಿಂದ ಹೂವಿಗೆ ಇನ್ನೊಂದು 30 ದಿನ. ತಳಿಗಳ ಅವಧಿಯ ವ್ಯತ್ಯಾಸವೆಲ್ಲ ಅದಕ್ಕೂ ಮುಂಚಿನ ತೆಂಡೆ (ಬುಡದ ಮರಿಗಳು) ಒಡೆಯುವ ಕಾಲದಲ್ಲಿದೆ. ನೀರು ತಪ್ಪಿದರೆ ದೊಡ್ಡ ನಷ್ಟ ಆಗುವುದು ಹೂವಿಗೆ ಹಿಂದೆ ಮುಂದೆ ಹತ್ತು ದಿನ. ಆಗ ನೀರಿಲ್ಲದಿದ್ದರೆ ತೆನೆ ಹೊಡೆಯಿಂದ ಪೂರ್ತಿ ಹೊರಬರುವುದಿಲ್ಲ, ಪರಾಗ ಉದುರುವುದಿಲ್ಲ, ಕಾಳು ಜೊಳ್ಳಾಗುತ್ತದೆ. ತೆಂಡೆ ಹಂತದಲ್ಲಿ ಎಂಟು ದಿನ ಒಣಗಿದ ಬೆಳೆ ಮಳೆ ಬಂದರೆ ಚೇತರಿಸಿಕೊಳ್ಳುತ್ತದೆ, ಹೂವಿನಲ್ಲಿ ಒಣಗಿದ್ದಕ್ಕೆ ಮರುಜೀವ ಇಲ್ಲ.

ಕೆರೆ ಕೆಳಗೆ ಜೂನ್ 25ಕ್ಕೆ ಬಿಪಿಟಿಯ ಸಸಿಮಡಿ ಹಾಕಿದರೆ, 145 ದಿನದ ಲೆಕ್ಕದಲ್ಲಿ ಕೊಯ್ಲು ನವೆಂಬರ್ 17ರ ಹೊತ್ತಿಗೆ, ಹೂವು ಅಕ್ಟೋಬರ್ 17ರ ಸುಮಾರಿಗೆ, ಚಿತ್ತಾ ಮಳೆಯ ನಡುವೆ. ಆಗಲೇ ಮುಂಗಾರು ಹಿಂದೆ ಸರಿಯುವ ಕಾಲ. ಕೆರೆಯಲ್ಲಿ ನೀರಿದ್ದರೆ ಬದುಕು, ಇಲ್ಲದಿದ್ದರೆ ಹಿಂಗಾರಿನ ಕೃಪೆ. ಅದೇ ದಿನ ಹಾಕಿದ 125 ದಿನದ ತಳಿಗೆ ಹೂವು ಸೆಪ್ಟೆಂಬರ್ 27ರ ಹೊತ್ತಿಗೆ, ಹಸ್ತ ಮಳೆ ಕೂಡುವಾಗ. ಉತ್ತರಾ ಮಳೆಯ ಹಸಿ ಇನ್ನೂ ನೆಲದಲ್ಲಿರುತ್ತದೆ, ಕೆರೆಯಿಂದ ಎರಡು ಮೂರು ಸರದಿ ನೀರು ಕಡಿಮೆ ಸಾಕು. ಕೆರೆ ಅರ್ಧ ತುಂಬಿದ ವರ್ಷ ಶೇ. 19ರ ಮಾತು ಪಕ್ಕಕ್ಕಿಟ್ಟರೂ, ಈ 20 ದಿನವೇ ಬೆಳೆ ಬಂತೋ ಇಲ್ಲವೋ ಎಂದು ತೀರ್ಮಾನಿಸಬಹುದು.

ಆದರೆ ಬೇಗ ಬರುವುದಕ್ಕೂ ದಂಡ ಇದೆ. 125 ದಿನದ ತಳಿಯ ಕೊಯ್ಲು ಅಕ್ಟೋಬರ್ 28ರ ಸುಮಾರಿಗೆ, ಸ್ವಾತಿ ಮಳೆಯಲ್ಲಿ. ಅಕ್ಟೋಬರ್ ಕೊನೆಯಲ್ಲಿ ವಾಯುಭಾರ ಕುಸಿತದ ಮಳೆ ಹಾವೇರಿ ಕಡೆ ಅಪರೂಪವಲ್ಲ. ಬೀಜಕ್ಕೆ ನಿದ್ರಾವಸ್ಥೆ ಇಲ್ಲದ ತಳಿಯಾದರೆ ಮಲಗಿದ ಬೆಳೆಯ ತೆನೆಯಲ್ಲೇ ಮೊಳಕೆ ಬರುತ್ತದೆ. ಹಣ್ಣಾದ ಕಾಳು ನೆನೆದು ಒಣಗಿ ನೆನೆದರೆ ಒಳಗೆ ಬಿರುಕು ಬಿಟ್ಟು ಗಿರಣಿಯಲ್ಲಿ ನುಚ್ಚಾಗುತ್ತದೆ. ಸಣ್ಣಕ್ಕಿಗೆ ಸಿಗುವ ಹೆಚ್ಚಿನ ದರ ಅಲ್ಲಿಗೆ ಮುಗಿಯಿತು. ಹಾಗಾಗಿ ಹೊಸ ತಳಿ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆಗಳಲ್ಲಿ ‘ಕೊಯ್ಲಾದ ಮೇಲೆ ಎಷ್ಟು ದಿನ ಮೊಳೆಯುವುದಿಲ್ಲ?’ ಎಂಬುದೂ ಒಂದು.

ಹಳೆಯ ಎತ್ತರದ ತಳಿಗಳು ಈ ತಾರೀಖಿನ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿದ್ದವು. ಅವುಗಳಲ್ಲಿ ಹಲವು ಹಗಲಿನ ಉದ್ದ ನೋಡಿ ಹೂ ಬಿಡುತ್ತವೆ. ರೋಹಿಣಿಗೆ ಬಿತ್ತಿದರೂ ಆರಿದ್ರಾಕ್ಕೆ ಬಿತ್ತಿದರೂ ಹೂವು ಹೆಚ್ಚುಕಡಿಮೆ ಅದೇ ವಾರ. ಇಂದಿನ ತಳಿಗಳು ದಿನ ಎಣಿಸುತ್ತವೆ. ಬಿತ್ತನೆ 20 ದಿನ ತಡವಾದರೆ ಹೂವೂ ಸುಮಾರು ಅಷ್ಟೇ ತಡ. ಮುಂಗಾರು ಎಂದು ಬರುತ್ತದೋ ಹೇಳಲಾಗದ ಕೂರಿಗೆ ಹೊಲದಲ್ಲಿ ಇದು ದೊಡ್ಡ ಬದಲಾವಣೆ. ಆದ್ದರಿಂದ ಮನೆಯಲ್ಲಿ ಒಂದೇ ಅವಧಿಯ ಬೀಜ ಇಟ್ಟುಕೊಂಡು ಮಳೆಗೆ ಕಾಯುವುದು ಸರಿಯಲ್ಲ. ಜೂನ್ 10ರೊಳಗೆ ಹದವಾದರೆ 130-135 ದಿನದ್ದು, ಆರಿದ್ರಾ ದಾಟಿದರೆ 115-120 ದಿನದ್ದು. ಇಂಟಾನ್‌ನಂಥ ದೀರ್ಘಾವಧಿ ತಳಿ ನವೆಂಬರ್ ತನಕ ಹಸಿ ಆರದ ತಗ್ಗಿನ ಮಡಿಗೆ ಮಾತ್ರ.

ಪೂಸಾ ಡಿಎಸ್‌ಟಿ 1ರ ವಿಷಯಕ್ಕೆ ಬಂದರೆ, ಪ್ರಕಟಣೆಯಲ್ಲಿ ಒತ್ತು ಬಿದ್ದದ್ದು ಸವಳು, ಕ್ಷಾರ ಮಣ್ಣಿನ ಇಳುವರಿಯ ಮೇಲೆ. ನೀರು ಹೆಚ್ಚಾಗಿ ಜವುಳಾದ ಅಚ್ಚುಕಟ್ಟಿನ ಎರೆ ಭೂಮಿಗೆ ಅದು ಪ್ರಸ್ತುತ, ಕಲಘಟಗಿಯ ಮಸಾರಿ (ಕೆಂಪು) ಮಣ್ಣಿಗೆ ಅಷ್ಟೇನೂ ಅಲ್ಲ. ಈ ಎರಡೂ ತಳಿಗಳ ಪರೀಕ್ಷಾ ಅಂಕಿಗಳ ಬಗ್ಗೆ 2025ರಲ್ಲೇ ಕುಲಾಂತರಿ ವಿರೋಧಿ ಸಂಘಟನೆಗಳು ತಕರಾರು ತೆಗೆದವು, ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಅದನ್ನು ತಳ್ಳಿಹಾಕಿತು. ಜಗಳ ಬಹುಪಾಲು ಸರಾಸರಿಯ ಸುತ್ತ. ಜಾಗವಾರು ಅಂಕಿ ಕನ್ನಡದಲ್ಲಿ, ತಾಲೂಕಿನ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಸಿಗುವಂತಾದರೆ ಆ ಜಗಳದ ಅರ್ಧ ಮುಗಿಯುತ್ತದೆ.

ಕಮಲಾ ಬಿಪಿಟಿಯ ಮಗುವೇ ಎಂಬುದನ್ನೂ ಮರೆಯಬಾರದು. ತಿದ್ದಿದ್ದು ತೆನೆಯಲ್ಲಿ ಕಾಳಿನ ಸಂಖ್ಯೆ ನಿಯಂತ್ರಿಸುವ ಸಿಕೆಎಕ್ಸ್2 ಜೀನನ್ನು ಮಾತ್ರ. ಬಿಪಿಟಿಗೆ ಬೆಂಕಿ ರೋಗ, ದುಂಡಾಣು ಅಂಗಮಾರಿ ಎರಡೂ ಬೇಗ ತಗಲುತ್ತವೆ. ಆ ಗುಣ ಈ ತಿದ್ದುಪಡಿಯಿಂದ ಹೋಗುವ ಕಾರಣವಿಲ್ಲ. ಹಾನಗಲ್ಲ, ಕಲಘಟಗಿಯ ಮೋಡ, ಇಬ್ಬನಿ, 20 ಡಿಗ್ರಿಯ ಆಸುಪಾಸಿನ ರಾತ್ರಿ ಬೆಂಕಿ ರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ಎಲೆಯ ಮೇಲೆ ಕದಿರಿನಾಕಾರದ ಚುಕ್ಕೆ ಕಂಡರೆ ಯೂರಿಯಾ ನಿಲ್ಲಿಸಿ ಟ್ರೈಸೈಕ್ಲಜೋಲ್ 75 ಡಬ್ಲ್ಯೂಪಿ ಲೀಟರಿಗೆ 0.6 ಗ್ರಾಂ ಸಿಂಪಡಿಸಬೇಕು. ಕುತ್ತಿಗೆಗೆ ಬರುವ ಬೆಂಕಿ ರೋಗಕ್ಕೆ ತೆನೆ ಹೊರಬರುವ ಮುಂಚೆಯೇ ಒಮ್ಮೆ ಬೇಕು. ತೆನೆ ಬೆಳ್ಳಗಾದ ಮೇಲೆ ಹೊಡೆದದ್ದು ಅಂಗಡಿಯವನಿಗೆ ಲಾಭ, ಬೆಳೆಗಲ್ಲ. ಹೆಚ್ಚು ಕಾಳಿನ ತೆನೆ ತುಂಬಲು ಹೆಚ್ಚು ಹಸಿರೆಲೆ, ಹೆಚ್ಚು ಪೊಟ್ಯಾಷ್, ಹೂವಿನ ನಂತರ ಮೂರು ವಾರ ಹಸಿ ಬೇಕು. ಇವಿಲ್ಲದಿದ್ದರೆ ಕಾಳಿನ ಸಂಖ್ಯೆ ಹೆಚ್ಚಿದಷ್ಟೇ ಜೊಳ್ಳೂ ಹೆಚ್ಚುತ್ತದೆ.

ಇದನ್ನು ಅಂಕಿಯಲ್ಲಿ ನೋಡಬಹುದು. ಚದರ ಮೀಟರಿಗೆ 300 ತೆನೆ, ತೆನೆಗೆ 100 ಕಾಳು, ಅದರಲ್ಲಿ ಶೇ. 85 ಗಟ್ಟಿ, ಸಾವಿರ ಕಾಳಿಗೆ 22 ಗ್ರಾಂ ಎಂದರೆ 561 ಗ್ರಾಂ, ಎಕರೆಗೆ ಸುಮಾರು 22.7 ಕ್ವಿಂಟಲ್. ಕೂರಿಗೆಯ ಸಾಧಾರಣ ವರ್ಷ: 220 ತೆನೆ, 80 ಕಾಳು, ಶೇ. 75 ಗಟ್ಟಿ, ಅದೇ 22 ಗ್ರಾಂ ಎಂದರೆ 290 ಗ್ರಾಂ, ಎಕರೆಗೆ ಸುಮಾರು 11.7 ಕ್ವಿಂಟಲ್. ಈ ಎರಡನೆಯ ಹೊಲದಲ್ಲಿ ತೆನೆಗೆ 20 ಕಾಳು ಹೆಚ್ಚಿಸಿ ಗಟ್ಟಿ ಕಾಳು ಶೇ. 60ಕ್ಕೆ ಇಳಿದರೆ ಫಲ ಮತ್ತೆ ಅದೇ 290. ಅಲ್ಲಿ ಕೊರತೆ ಇರುವುದು ತೆನೆಯ ಸಂಖ್ಯೆಯಲ್ಲಿ, ಅದರ ಮೂಲ ಅರ್ಧಂಬರ್ಧ ಹುಟ್ಟಿದ ಸಾಲಿನಲ್ಲಿ.

ಸ್ವಂತ ಹೊಲದಲ್ಲಿ ತೂಗಿ ನೋಡುವ ಬಗೆ

ಹೊಸ ಬೀಜವನ್ನು ಮೊದಲ ವರ್ಷವೇ ಇಡೀ ಹೊಲಕ್ಕೆ ಹಾಕುವವರು ಕಡಿಮೆ, ಆದರೆ ಪಕ್ಕದ ಒಂದು ಮಡಿಗೆ ಹಾಕಿ ತೀರ್ಪು ಕೊಡುವವರು ಬಹಳ. ಅದು ಮಡಿಯ ಪರೀಕ್ಷೆಯಾಗುತ್ತದೆ, ತಳಿಯದ್ದಲ್ಲ. ತಗ್ಗಿನ ಮಡಿಗೆ ಹಾಕಿದ ಯಾವ ಭತ್ತವೂ ಮೇಲಿನ ಮಡಿಯದ್ದಕ್ಕಿಂತ ಚೆಂದ ಕಾಣುತ್ತದೆ. ಪಟ್ಟಿಗಳು ಇಳಿಜಾರಿನ ಉದ್ದಕ್ಕೆ, ಮೇಲಿನಿಂದ ತಗ್ಗಿನ ತನಕ ಹೋಗಬೇಕು. ಆಗ ಪ್ರತಿ ತಳಿಗೂ ಒಣ ಭಾಗ, ಹಸಿ ಭಾಗ ಎರಡೂ ಸಿಗುತ್ತವೆ. ಕೂರಿಗೆಯ ಎರಡು ಹಾಯಿ ಅಗಲದ ಪಟ್ಟಿ ಸಾಕು. ಹಳೆಯದು, ಹೊಸದು, ಹಳೆಯದು, ಹೊಸದು ಎಂದು ಪಕ್ಕಪಕ್ಕಕ್ಕೆ ಕನಿಷ್ಠ ಮೂರು ಜೋಡಿ ಇರಲಿ. ಬಿತ್ತಿದ ದಿನ, ಗೊಬ್ಬರ, ಎಡೆ ಎಲ್ಲ ಒಂದೇ ಇರಲಿ.

ಪಟ್ಟಿಯ ಅಂಚಿನ ಸಾಲು ಬಿಟ್ಟು ಒಳಗಿನಿಂದ ಒಟ್ಟು 25 ಚದರ ಮೀಟರ್ ಅಳೆದು ಕೊಯ್ದು, ಬಡಿದು, ತೂರಿ ತೂಗಬೇಕು. ಆ ತೂಕವನ್ನು 162ರಿಂದ ಗುಣಿಸಿದರೆ ಎಕರೆಯ ಕೆಜಿ ಲೆಕ್ಕ. 10 ಕೆಜಿ ಬಂದರೆ 16.2 ಕ್ವಿಂಟಲ್. ಆದರೆ ಕಾಳಿನ ತೇವಾಂಶ ನೋಡದೆ ಹೋಲಿಸಬಾರದು. ತಡವಾದ ತಳಿ ಹಸಿಯಾಗಿದ್ದಾಗಲೇ ತಕ್ಕಡಿಗೆ ಬರುತ್ತದೆ. ಶೇ. 22 ತೇವಾಂಶದ 10 ಕೆಜಿಯನ್ನು ಶೇ. 14ಕ್ಕೆ ತಂದರೆ 9.07 ಕೆಜಿ, ಎಕರೆಗೆ 14.7 ಕ್ವಿಂಟಲ್. ಒಂದೂವರೆ ಕ್ವಿಂಟಲ್ ಬರೀ ನೀರಿತ್ತು. ತೇವಾಂಶ ಅಳೆಯುವ ಯಂತ್ರ ಎಪಿಎಂಸಿಯಲ್ಲಿ, ಗಿರಣಿಯಲ್ಲಿ ಇರುತ್ತದೆ. ಮೂರು ಜೋಡಿಯಲ್ಲಿ ಮೂರರಲ್ಲೂ ಹೊಸದು ಮುಂದಿದ್ದರೆ ಮಾತು ಬೇರೆ. ಎರಡರಲ್ಲಿ ಮುಂದಿದ್ದು ಒಂದರಲ್ಲಿ ಹಿಂದೆ ಬಿದ್ದರೆ ತೀರ್ಮಾನಕ್ಕೆ ಅವಸರ ಬೇಡ, ಇನ್ನೊಂದು ಮಳೆಗಾಲ ನೋಡಬೇಕು.

ಹುಲ್ಲನ್ನೂ ತೂಗುವುದು ಮರೆಯಬಾರದು. ಸಂಶೋಧನಾ ಕೇಂದ್ರದ ಹೋಲಿಕೆ ಕಾಳಿನ ಮೇಲೆ ನಡೆಯುತ್ತದೆ. ಎರಡು ಎತ್ತು, ಒಂದು ಎಮ್ಮೆ ಇರುವ ಮನೆಯಲ್ಲಿ ಬೇಸಿಗೆಗೆ ಬಣವೆ ಎಷ್ಟೆತ್ತರ ಎಂಬುದೂ ಲೆಕ್ಕವೇ. ಎತ್ತರದ ಭತ್ತ ಎರಡು ಕ್ವಿಂಟಲ್ ಕಾಳು ಕಡಿಮೆ ಕೊಟ್ಟು, ಕೊಂಡು ತರುವ ಮೇವು ಉಳಿಸಿದರೆ ಯಾವುದು ಲಾಭ ಎನ್ನುವುದು ಮನೆಮನೆಗೆ ಬೇರೆ. ದಪ್ಪ ಭತ್ತಕ್ಕೆ ಚುರುಮುರಿ, ಅವಲಕ್ಕಿ ಭಟ್ಟಿಯವರು ಕೊಡುವ ದರವನ್ನೂ, ಸಣ್ಣಕ್ಕಿಗೆ ಗಿರಣಿ ಕೊಡುವ ದರವನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಎರಡನೆಯ ವರ್ಷ ಪಟ್ಟಿಗಳ ಜಾಗ ಅದಲುಬದಲು ಮಾಡಿ, ಬಿತ್ತನೆಯನ್ನು ಮೊದಲ ವರ್ಷಕ್ಕಿಂತ ಹತ್ತು ಹನ್ನೆರಡು ದಿನ ಹಿಂದೆ ಮುಂದೆ ಇಟ್ಟರೆ, ತಳಿ ಆ ಹೊಲಕ್ಕೆ ಒಗ್ಗಿದ್ದೋ ಆ ವರ್ಷದ ಮಳೆಗೆ ಒಗ್ಗಿದ್ದೋ ಎಂಬುದು ಬೇರೆ ಬೇರೆಯಾಗಿ ಕಾಣತೊಡಗುತ್ತದೆ.